ಓದಿದ ಗುರುತು

ಮೇ 12

ಮಗು ಮಲಗಿದೆ. ಎಷ್ಟು ಹೊತ್ತಿಗೋ ಗೊತ್ತಿಲ್ಲ. ಹುಟ್ಟಿದ ಈ ಮೂರು ತಿಂಗಳಲ್ಲಿ ಅವಳು ಒಂದೇ ಸಮನೆ ಒಂದು ಗಂಟೆ ಮಲಗಿದ್ದು ನಾಲ್ಕೇ ಸಲ. ಮಲಗಿದಾಗಲೂ ಬೆನ್ನು ಬಾಗಿಸಿ, ಕಾಲು ಸಣ್ಣಗೆ ಮಡಚಿ, ದಪ್ಪ ತಲೆಯೊಂದನ್ನೇ ಮೇಲಿಟ್ಟುಕೊಂಡು ಮಲಗುವುದರಿಂದ ಇವರು ಅವಳಿಗೆ ಅಲ್ಪವಿರಾಮ ಎಂದು ಅಡ್ಡಹೆಸರಿಟ್ಟಿದ್ದಾರೆ. ಪೂರ್ಣವಿರಾಮ ಯಾವಾಗಲೇ ನಿಂದು ಎಂದು ತೊಟ್ಟಿಲು ತೂಗುತ್ತ ಕೇಳುತ್ತಾರೆ. ಲಿಫ್ಟ್ ರಿಪೇರಿ ಮಾಡುವವರಿಗೆ ಇಷ್ಟು ವ್ಯಾಕರಣ ನೆನಪಿರುವುದೇ ಹೆಚ್ಚು.

ನಿನ್ನೆಯದನ್ನು ಬರೆದುಬಿಡುತ್ತೇನೆ. ಬರೆದರೆ ತಲೆಯಿಂದ ಇಳಿದೀತು.

ರಜೆ ಮುಗಿದಿತ್ತು. ಮಗುವನ್ನು ಅತ್ತೆಯ ಕೈಗೆ ಕೊಟ್ಟು, ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಪ್ರೆಸ್ಸಿಗೆ ಹೋದೆ. ಪ್ರೂಫ್ ತಿದ್ದುವ ಓದುಮೇಜಿನ ನನ್ನ ಕುರ್ಚಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಕೂತಿದ್ದರು. ನನ್ನ ಸ್ಕೇಲು ಅವರ ಕೈಯಲ್ಲಿತ್ತು. ಎದ್ದು ನಮಸ್ಕಾರ ಮಾಡಿದರು, ಪಾಪ. ನಾನು ಅತಿಥಿಯಂತೆ ನಿಂತೇ ಇದ್ದೆ.

ವ್ಯವಸ್ಥಾಪಕರು ಒಳಗೆ ಕರೆದು ಕೂರಿಸಿ ಮಗುವಿನ ತೂಕ ಕೇಳಿದರು. ಆಮೇಲೆ, "ನೀವೇ ಬರ್ಕೊಟ್ಟಿದ್ದೀರಲ್ಲಮ್ಮ, ಮನೆಯಿಂದಲೇ ಮಾಡ್ತೀನಿ ಅಂತ" ಎಂದರು. ಡ್ರಾಯರಿನಿಂದ ಒಂದು ಹಾಳೆ ಅರ್ಧ ಎಳೆದು ತೋರಿಸಿ ಮತ್ತೆ ಒಳಗೆ ತಳ್ಳಿದರು. ಕೆಂಪು ಶಾಯಿ ಕಂಡಿತು. ನನ್ನದೇ ಶಾಯಿ.

ಆಗ ನೆನಪಾಯಿತು. ಮೇ ನಾಲ್ಕರಂದು ತುರ್ತಾಗಿ ನೋಡಿಕೊಡಿ ಎಂದು ಒಂದು ಕಟ್ಟು ಪ್ರೂಫ್ ಮನೆಗೆ ಕಳಿಸಿದ್ದರು. ಎಲ್ಲಕ್ಕಿಂತ ಮೇಲೆ ಒಂದು ಪತ್ರವಿತ್ತು. ಎಡತೋಳಿನಲ್ಲಿ ಮಗು ಹಾಲು ಕುಡಿಯುತ್ತಿತ್ತು, ಬಲಗೈಯಲ್ಲಿ ಕೆಂಪು ಪೆನ್ನು. ಓದಿದೆ. ಮೂರು ತಪ್ಪು ತಿದ್ದಿದೆ. 'ಸ್ವ' ಒಂದು ಸಾಲಿನ ಕೊನೆಗೆ, 'ಇಚ್ಛೆಯಿಂದ' ಮುಂದಿನ ಸಾಲಿಗೆ ಬಿದ್ದಿತ್ತು. ಎರಡನ್ನೂ ಕೂಡಿಸುವ ಗುರುತನ್ನು ಅಂದವಾಗಿ ಹಾಕಿದ್ದು ಚೆನ್ನಾಗಿ ನೆನಪಿದೆ. ಪತ್ರ ಯಾರದು, ಯಾರ ಇಚ್ಛೆ ಎಂಬುದು ಮಾತ್ರ ತಲೆಗೆ ಹೋಗಲೇ ಇಲ್ಲ. ಏಳು ವರ್ಷ ತಪ್ಪಿಗಾಗಿ ಓದಿದವಳು, ಅರ್ಥಕ್ಕಾಗಿ ಓದಲಿಲ್ಲ.

ಸಹಿ ಹಾಕಿಬಿಟ್ಟಿದ್ದೇನೆ. ಯಾರನ್ನು ದೂರಲಿ? ವ್ಯವಸ್ಥಾಪಕರು ಒಳ್ಳೆಯವರೇ. ಹಾಳೆ ಲೆಕ್ಕದ ಕೆಲಸ ಮನೆಗೇ ಕಳಿಸುತ್ತಾರಂತೆ. ತಪ್ಪು ನನ್ನದು.

ಈ ಪುಟ ಓದಿದೆ. ಎರಡು ತಪ್ಪು ತಿದ್ದಿದೆ.

ಮೇ 15

ಗಂಟೆಯಕ್ಕ ಮೊದಲ ಕಟ್ಟು ತಂದುಕೊಟ್ಟರು. ಅವರ ಮನೆ ನಮ್ಮ ಮನೆ ದಾಟಿ ಎರಡು ತಿರುವಿನಾಚೆ. ಓದುಮೇಜಿನಲ್ಲಿ ಏಳು ವರ್ಷ ನನ್ನೆದುರು ಕೂತವರು. ಮೂಲಪ್ರತಿಯನ್ನು ಅವರು ಗಟ್ಟಿಯಾಗಿ ಓದುವುದು, ನಾನು ಪ್ರೂಫಿನ ಸಾಲುಗಳ ಕೆಳಗೆ ಸ್ಕೇಲು ಇಳಿಸುತ್ತ ಹೂಂ ಎನ್ನುವುದು. ಕಾಮಾ, ಸ್ಟಾಪು, ಕಂಸ ಶುರು, ಕಂಸ ಮುಗೀತು, ಎಲ್ಲವನ್ನೂ ಬಾಯಿಬಿಟ್ಟು ಓದಬೇಕು. ಅವರ ದನಿ ಯಂತ್ರಗಳ ಸದ್ದನ್ನೂ ಮೀರಿ ಗೇಟಿನವರೆಗೆ ಕೇಳುತ್ತದೆ. ಅದರಿಂದಲೇ ಆ ಹೆಸರು.

ಮೇಷ್ಟ್ರು ಊಟವಾದ ಮೇಲೆ ತೂಕಡಿಸುತ್ತಾರಂತೆ. "ಮಕ್ಕಳ ರಗಳೆ ಇಲ್ಲದೋರು ಬೇಕು ಅಂದ್ರು. ರಗಳೆ ಇಲ್ಲ ನೋಡು, ಅದಕ್ಕೇ ಒಳ್ಳೆ ನಿದ್ದೆ" ಎಂದರು ಗಂಟೆಯಕ್ಕ. ನಗು ಬಂತು. ನಗುವಾಗ ಎದೆ ಹಾಲು ಸೋರಿ ಬಟ್ಟೆ ಒದ್ದೆಯಾಯಿತು, ಅಳುವೂ ಬಂತು.

ಈ ಸಲದ ಪುಸ್ತಕ ಸಮಾನ ನಡವಳಿಕೆಯ ಕಾಯ್ದೆ, ಯಾರನ್ನೂ ಬೇರೆಯಾಗಿ ಕಾಣಬಾರದೆಂಬುದು. ಮೊದಲ ಭಾಗ ಇಂದಿನ ಕಾನೂನು, ಎರಡನೆಯ ಭಾಗ ಅದರ ಇತಿಹಾಸ. ಆರುನೂರು ಪುಟ. ಮೂರು ತಿಂಗಳ ಕೆಲಸ. ಮನೆಯಲ್ಲಿ ಓದಿ ಹೇಳುವವರಿಲ್ಲ. ನಾನೇ ಗಟ್ಟಿಯಾಗಿ ಓದಿ ನಾನೇ ಹೂಂ ಎನ್ನಬೇಕು.

ಒಂದು ತಪ್ಪು ತಿದ್ದಿದೆ.

ಮೇ 24

ನಿದ್ದೆಯಿಲ್ಲದ ದಿನಗಳಿಗೆ ಅಂಚು ಇರುವುದಿಲ್ಲ. ಬೆಳಗಿನ ಹಾಲಿಗೂ ಮಧ್ಯಾಹ್ನದ ಬಿಸಿಲಿಗೂ ನಡುವೆ ಗೋಡೆ ಕರಗಿದಂತಿರುತ್ತದೆ. ಬಟ್ಟೆ ಒಣಹಾಕುತ್ತ ನಿಂತವಳು ಎಷ್ಟು ಹೊತ್ತು ನಿಂತಿದ್ದೆನೋ, ಒಂದು ಪುಟ್ಟ ಕಾಲುಚೀಲ ಕೈಯಲ್ಲೇ ಒಣಗಿತ್ತು.

ಕಾಯ್ದೆಯ ಭಾಗ ಮುಗಿಯಿತು. ಕಲಂ ಹನ್ನೆರಡು: "ಬಸಿರು ಕಾಮಾ ಹೆರಿಗೆ ಕಾಮಾ ಅಥವಾ ಮಗುವಿಗೆ ಹಾಲೂಡಿಸುವ ಕಾರಣಕ್ಕೆ ಯಾವ ನೌಕರಳನ್ನೂ ಅವಳ ಸ್ಥಾನದಿಂದ ತೆಗೆಯತಕ್ಕದ್ದಲ್ಲ ಕಾಮಾ ಕೆಳಗಿಳಿಸತಕ್ಕದ್ದಲ್ಲ ಸ್ಟಾಪು." ಒಂದೂ ತಪ್ಪಿಲ್ಲ. ಅಚ್ಚುಕಟ್ಟಾದ ಪುಟ. ಗುರುತು ಹಾಕಿದೆ.

ನನ್ನ ಗುರುತು ಬಾಲವಿರುವ ಸೊನ್ನೆ. ಓದುಮೇಜಿನ ಪ್ರತಿಯೊಬ್ಬರಿಗೂ ಒಂದೊಂದು ಗುರುತು. ಗಂಟೆಯಕ್ಕನದು ಎರಡು ಗೀಟು. ಹಾಳೆಯ ಮೂಲೆಯಲ್ಲಿ ಗುರುತು, ಅದರ ಕೆಳಗೆ ತಾರೀಖು. ಕೈ ತಾನಾಗಿ ಹಾಕುತ್ತದೆ. ಹೋದ ವಾರ ಕಿರಾಣಿ ಅಂಗಡಿಯ ಚೀಟಿ ಓದಿ ಮುಗಿಸಿ ಅದರ ಮೂಲೆಯಲ್ಲೂ ಹಾಕಿದೆನಂತೆ. ಅಂಗಡಿಯವನು, ಇದೇನಮ್ಮ ಗೊದಮೊಟ್ಟೆ ಎಂದನಂತೆ ಇವರಿಗೆ.

ತಪ್ಪಿಲ್ಲ.

ಜೂನ್ 8

ಇತಿಹಾಸ ಶುರುವಾಗಿದೆ, ಒಂದು ಸೋಜಿಗವೂ ನಡೆದಿದೆ.

ಮೊದಲ ಕಾನೂನು ಬರೀ ಹನ್ನೊಂದು ಸಾಲು. ಆಗಿನವರು ಅದನ್ನು ಬಾಗಿಲ ಕಾನೂನು ಎಂದು ಕರೆಯುತ್ತಿದ್ದರಂತೆ. ಅದುವರೆಗೆ ಕೆಲವರನ್ನು ಮುಂಬಾಗಿಲಿಂದ ಬಿಡದೆ ಹಿಂಬಾಗಿಲಿಗೆ ಕಳಿಸುತ್ತಿದ್ದ, ಇಲ್ಲವೇ ಬಿಡುತ್ತಲೇ ಇರದ, ಇನ್ನು ಎಲ್ಲರನ್ನೂ ಬಿಡಲೇಬೇಕಾದ ಜಾಗಗಳ ಒಂದು ಪಟ್ಟಿ ಅದರ ಕೊನೆಗಿದೆ. ಅಲ್ಪವಿರಾಮ ರಚ್ಚೆ ಹಿಡಿದು ಅಳುತ್ತಿದ್ದಳು. ಕಾಲ ಮೇಲೆ ಹಾಕಿಕೊಂಡು ತೂಗುತ್ತ, ಕೆಲಸ ನಿಲ್ಲಿಸಲಾಗದೆ ಓದಿದೆ: "ವಸತಿಗೃಹ ಕಾಮಾ ಕ್ಷೌರದಂಗಡಿ ಕಾಮಾ ಸ್ನಾನಗೃಹ ಕಾಮಾ ನಾಟಕಶಾಲೆ ಕಾಮಾ ದೋಣಿಕಟ್ಟೆ ಕಾಮಾ ಕಾರಂಜಿ ಇರುವ ಉದ್ಯಾನ." ಕಾರಂಜಿಗೆ ಬರುವಷ್ಟರಲ್ಲಿ ಕಣ್ಣು ಮುಚ್ಚಿದ್ದಳು. ಮತ್ತೆ ಎದ್ದಾಗ ಮತ್ತೆ ಓದಿದೆ. ಮತ್ತೆ ಕಾರಂಜಿ, ಮತ್ತೆ ನಿದ್ದೆ. ಅತ್ತೆ ಬಾಗಿಲಲ್ಲಿ ನಿಂತು, ಇದ್ಯಾವ ಜೋಗುಳವಮ್ಮ, ನಮ್ಮ ಕಾಲದಲ್ಲಿ ಇರಲಿಲ್ಲ ಎಂದರು.

ಅವಳ ಜೊತೆ ನನಗೂ ಜೊಂಪು ಹತ್ತಿತು. ಒಂದು ಮನೆ ಕಂಡೆ. ಒಂದೇ ಕೋಣೆಯ ಮನೆ, ತುಂಬ ಬಾಗಿಲು. ಯಾರೋ ಪಕ್ಕದಲ್ಲಿ ಇನ್ನೊಂದು ಕೋಣೆ ಕಟ್ಟುತ್ತಿದ್ದರು. ಗಾರೆಯ ಹಸಿ ವಾಸನೆ. ಮಗುವನ್ನೆತ್ತಿಕೊಂಡು ಕೋಣೆಯಿಂದ ಕೋಣೆಗೆ ನಡೆದೆ. ಎರಡನೆಯದರಲ್ಲಿ ಬರೀ ಬೆಂಚುಗಳು, ಟ್ರಾಮಿನವು, ಶಾಲೆಯವು. ಎಚ್ಚರವಾದಾಗ ನೋಡುತ್ತೇನೆ, ಮುಂದಿನ ಅಧ್ಯಾಯದ ಹೆಸರೇ ಆಸನಗಳ ಕಾನೂನು. ಕಣ್ಣಾಡಿಸಿದ್ದೆನೋ ಏನೋ ಮೊದಲೇ.

ಜೂನ್ 17

ಅತ್ತೆ ಹೆಚ್ಚು ಮಾತಾಡುವವರಲ್ಲ. ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿದವರು. ಈಗಲೂ ಹಳೆಯ ಗುಂಡಿಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಬಣ್ಣದ ಪ್ರಕಾರ ಇಟ್ಟುಕೊಂಡಿದ್ದಾರೆ. ನಾನು ದುಡಿಮೆಯ ಕಾನೂನು ಓದುತ್ತಿದ್ದೆ, ಇತಿಹಾಸದ ಮೂರನೆಯ ಕೋಣೆ. ಅವರು ಮಗುವಿನ ಅಂಗಿಗೆ ಗುಂಡಿ ಹಾಕುತ್ತ ಕೇಳುತ್ತಿದ್ದರು. ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ, ಸೂಜಿಯಿಂದ ಕಣ್ಣು ತೆಗೆಯದೆ ಹೇಳಿದರು. ಇವರು ಹೊಟ್ಟೆಯಲ್ಲಿದ್ದಾಗ ಎಂಟನೇ ತಿಂಗಳವರೆಗೂ ಹೊಟ್ಟೆಗೆ ಬಿಗಿಯಾಗಿ ಬಟ್ಟೆ ಸುತ್ತಿಕೊಂಡು ಹೋಗುತ್ತಿದ್ದರಂತೆ. ಮೇಸ್ತ್ರಿಗೆ ಗೊತ್ತಾದರೆ ಆ ದಿನವೇ ಮಿಷನ್ನಿನಿಂದ ಎಬ್ಬಿಸುತ್ತಿದ್ದ.

"ಆಗ ಕಾನೂನು ಇರ್ಲಿಲ್ವಾ ಅತ್ತೆ?"

"ಇತ್ತೋ ಏನೋ. ನನ್ನ ಮಿಷನ್ ತನಕ ಬಂದಿರ್ಲಿಲ್ಲ."

ದಾರ ಕಚ್ಚಿ ಕತ್ತರಿಸಿದರು. ಸಂಜೆ ಇವರು ಬಂದು ಬೂಟು ಬಿಚ್ಚುವಾಗ ಇವರ ಬೆನ್ನನ್ನೇ ನೋಡಿದೆ. ಅಷ್ಟು ಅಗಲದ ಮನುಷ್ಯ ಒಂದು ಬಟ್ಟೆಯ ಸುತ್ತಿನಲ್ಲಿ ಉಸಿರು ಬಿಗಿಹಿಡಿದು ಅಡಗಿದ್ದರು ಎಂದುಕೊಂಡೆ.

ತಪ್ಪು ನೋಡಲಿಲ್ಲ. ನಾಳೆ ನೋಡುತ್ತೇನೆ.

ಜುಲೈ 3

ಇವತ್ತು ಒಬ್ಬಳು ಸಿಕ್ಕಳು.

ಪುಟ ಮುನ್ನೂರ ಎಂಬತ್ತೆರಡು, ಅಡಿಟಿಪ್ಪಣಿ, ಇರುವೆಯಂಥ ಅಕ್ಷರ. ದುಡಿಮೆಯ ಕಾನೂನು ಬಂದ ಹೊಸದರಲ್ಲಿ, ಕೆಲಸ ಹೋದ ಹದಿನೈದು ದಿನದೊಳಗೆ ದೂರು ಕೊಡಬೇಕಿತ್ತು. ಟ್ರಾಮಿನಲ್ಲಿ ಟಿಕೆಟ್ ಹರಿಯುವ ಹೆಂಗಸೊಬ್ಬಳನ್ನು ತುಂಬು ಬಸುರಿಯೆಂದು ಕೆಲಸದಿಂದ ಬಿಡಿಸಿದರು. ಮರುದಿನವೇ ಹೆರಿಗೆಯಾಯಿತು. "ಅರ್ಜಿದಾರಳು ಹದಿನೇಳನೆಯ ದಿನ ಕೂಸಿನೊಂದಿಗೆ ಹಾಜರಾದಳು ಸ್ಟಾಪು. ಅವಧಿ ಮೀರಿದ್ದರಿಂದ ಅರ್ಜಿಯನ್ನು ಸ್ವೀಕರಿಸಲಿಲ್ಲ ಸ್ಟಾಪು."

ಅಷ್ಟೇ. ಹೆಸರಿಲ್ಲ. ಹೆರಿಗೆಯಾದ ಹದಿನಾರನೆಯ ದಿನ ಅವಳು ಎದ್ದು, ಮುಖ ತೊಳೆದು, ಕೂಸನ್ನು ಸುತ್ತಿಕೊಂಡು ಹೋಗಿದ್ದಾಳೆ. ನನಗೆ ಹದಿನಾರನೆಯ ದಿನ ಮಂಚದಿಂದ ಬಚ್ಚಲಿಗೆ ಹೋಗುವುದೇ ಯಾತ್ರೆಯಾಗಿತ್ತು. ಎಷ್ಟು ಮೆಟ್ಟಿಲಿದ್ದವೋ ಆ ಕಚೇರಿಗೆ. ಕೂಸು ಹೆಣ್ಣೋ ಗಂಡೋ. ತಿರಸ್ಕಾರ ಕೇಳಿಸಿಕೊಂಡು ಅವಳು ಮನೆಗೆ ಹೇಗೆ ಹೋದಳು? ಟ್ರಾಮಿನಲ್ಲೇ ಹೋಗಿದ್ದರೆ ಯಾರು ಟಿಕೆಟ್ ಹರಿದುಕೊಟ್ಟರು?

ಅದೇ ಟಿಪ್ಪಣಿಯ ಮೇಲೆ ಅರ್ಧ ಗಂಟೆ ಸ್ಕೇಲು ಹಿಡಿದು ಕೂತಿದ್ದೆ. ಹೀಗೆ ಓದಿದರೆ ಕೆಲಸ ಮುಗಿಯುವುದಿಲ್ಲ.

ಜುಲೈ 4

ಮಧ್ಯಾಹ್ನದ ಜೊಂಪಿನಲ್ಲಿ ಬಂದಿದ್ದಳು. ನಮ್ಮ ಅಡುಗೆಮನೆಯ ಸ್ಟೂಲಿನ ಮೇಲೆ ಕೂತಿದ್ದಳು, ಹೆಗಲಲ್ಲಿ ಟಿಕೆಟ್ ಚೀಲ. ಇವತ್ತು ಎಷ್ಟನೇ ದಿನ ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಗೊತ್ತಿರಬೇಕು ಎಂದಳು. ಗದರಿದ ಹಾಗೇನೂ ಇರಲಿಲ್ಲ, ಮುಂದಿನ ನಿಲ್ದಾಣದ ಹೆಸರು ಹೇಳುವವರ ಹಾಗೆ.

ಜುಲೈ 21

ಎರಡು ವಾರ ಬರೆಯಲಾಗಲಿಲ್ಲ. ಅಲ್ಪವಿರಾಮಕ್ಕೆ ಶೀತ. ಅವಳ ಮೂಗು ಕಟ್ಟಿದಾಗಲೆಲ್ಲ ನಾನು ಉಸಿರು ಎಣಿಸುತ್ತ ಕೂತೆ. ಈಗ ಪರವಾಗಿಲ್ಲ.

ಗಂಟೆಯಕ್ಕ ಕೊನೆಯ ಎರಡು ಕಟ್ಟು ತಂದರು. ಇದರ ನಂತರ ಯಾವ ಪುಸ್ತಕ ಕಳಿಸುತ್ತಾರೆ ಎಂದು ಕೇಳಿದೆ. ಚೀಲದ ಹಿಡಿಯನ್ನು ತಿರುಚುತ್ತ ನಿಂತರು. ಮನೆಗೆ ಕಳಿಸುವುದು ಇದೊಂದೇ ಅಂತೆ. ಮುಂದಿನದಕ್ಕೆ ಮೇಷ್ಟ್ರು ಸಾಕು ಎಂದರಂತೆ ವ್ಯವಸ್ಥಾಪಕರು.

ಇವರಿಗೆ ಹೇಳಿದೆ. ಇವರು ಸ್ಪ್ಯಾನರು ಒರೆಸುತ್ತ, ಹೋಗಲಿ ಬಿಡು, ಮಗು ದೊಡ್ಡದಾಗಲಿ, ಆಮೇಲೆ ಬೇರೆ ಕಡೆ ನೋಡಿದರಾಯಿತು ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಬೇರೆ ಕಡೆ ಓದುಮೇಜು ಎಲ್ಲಿದೆ? ಎಡಗಡೆಯ ಕಿಟಕಿಯಿಂದ ಬೆಳಕು ಬೀಳುವ, ನನ್ನ ಮೊಣಕೈ ಊರಿ ಊರಿ ಹಳ್ಳ ಬಿದ್ದ ಆ ಮೇಜು. ಅಲ್ಲಿ ಕೂತಾಗ ನಾನು ಯಾರಿಗೂ ಹೆದರುತ್ತಿರಲಿಲ್ಲ. ದೊಡ್ಡ ದೊಡ್ಡ ವಕೀಲರ ವಾಕ್ಯಗಳನ್ನೂ ನಿಲ್ಲಿಸಿ ಕೇಳುತ್ತಿದ್ದೆ. ಮನೆಯಲ್ಲಿ ಕೆಟಲು ಕೂಗಿದರೂ ಬೆಚ್ಚುತ್ತೇನೆ.

"ನನ್ನ ಜಾಗ ರೀ ಅದು" ಎಂದೆ.

ಇವರು ಸ್ಪ್ಯಾನರು ಕೆಳಗಿಟ್ಟು ನನ್ನ ಮುಖ ನೋಡಿದರು.

ಜುಲೈ 30

ತೊಂಬತ್ತು ದಿನ.

ಪುಟ ಐನೂರ ಹನ್ನೊಂದು. ಹದಿನೇಳನೆಯ ದಿನ ಬಂದವಳ ಪ್ರಕರಣದಿಂದ ಹನ್ನೊಂದು ವರ್ಷ ಕಳೆದ ಮೇಲೆ, ಹೆರಿಗೆಯಾದ ಹೆಂಗಸರು ಹದಿನೈದು ದಿನದಲ್ಲಿ ಬರಲಾಗುವುದಿಲ್ಲವೆಂದು ಒಪ್ಪಿ ದೂರಿನ ಅವಧಿಯನ್ನು ತೊಂಬತ್ತು ದಿನಕ್ಕೆ ಏರಿಸಿದರು. ಅಂದರೆ ಅವಳಿಂದಲೇ ಆ ಕೋಣೆ ಕಟ್ಟಿದ್ದು. ಅವಳು ಮಾತ್ರ ಅದರೊಳಗೆ ಕಾಲಿಡಲಿಲ್ಲ.

ಓದಿ ಪುಟ ಮಗುಚಿದೆ. ಮತ್ತೆ ಹಿಂದಕ್ಕೆ ಮಗುಚಿದೆ. ಇದೇ ತೊಂಬತ್ತನ್ನು ಮೇ ತಿಂಗಳಲ್ಲೇ, ಕಾಯ್ದೆಯ ಭಾಗದಲ್ಲಿ, ಓದಿದ್ದೆ. ಮೂಲದಲ್ಲಿ ತೊಂಬತ್ತು, ಪ್ರೂಫಿನಲ್ಲಿ ತೊಂಬತ್ತು, ಸರಿ ಎಂದು ಬಾಲದ ಸೊನ್ನೆ ಹಾಕಿ ಕಳಿಸಿದ್ದೆ. ಕಲಂ ಹನ್ನೆರಡಕ್ಕೂ ಹಾಗೇ. ಅಚ್ಚುಕಟ್ಟಾದ ಪುಟ ಎಂದು ಬರೆದುಕೊಂಡಿದ್ದೇನೆ, ಇಲ್ಲೇ, ಇದೇ ಪುಸ್ತಕದಲ್ಲಿ.

ಮೇ ಹನ್ನೊಂದರಿಂದ ಇವತ್ತಿಗೆ ಎಷ್ಟು ದಿನವಾಯಿತು? ಬೆರಳೆಣಿಸಿದೆ, ಎಪ್ಪತ್ತಾರು ಬಂತು. ಇನ್ನೊಮ್ಮೆ ಎಣಿಸಿದೆ, ತೊಂಬತ್ತೆರಡು ಬಂತು. ಎದ್ದು ನಿಂತೆ. ಅತ್ತೆ ಏನೆಂದು ಕೇಳಿದರು. ಹೇಳಿದೆ. ಅವರು ಗುಂಡಿ ಡಬ್ಬಿ ತಂದು ನೆಲಕ್ಕೆ ಸುರಿದರು. ಗೋಡೆಯ ಕ್ಯಾಲೆಂಡರ್ ಇಳಿಸಿದರು. ನಾನು ತಾರೀಖು ಹೇಳುತ್ತ ಹೋದೆ, ಅವರು ಗುಂಡಿ ಇಡುತ್ತ ಹೋದರು. ಮೇ ತಿಂಗಳಿಗೆ ಬಿಳಿ, ಜೂನಿಗೆ ನೀಲಿ, ಜುಲೈಗೆ ಖಾಕಿ. ಅಲ್ಪವಿರಾಮ ಬೋರಲು ಬಿದ್ದು ಒಂದು ನೀಲಿ ಗುಂಡಿಯ ಕಡೆಗೆ ಈಜಿದಳು. ಅವಳು ಬೋರಲು ಬೀಳುವುದನ್ನು ಕಲಿತು ವಾರವಾಗಿದೆ, ಬರೆಯಲು ಮರೆತಿದ್ದೆ.

ಎಂಬತ್ತು ಗುಂಡಿ.

"ಹತ್ತು ದಿನ ಇದೆ" ಎಂದರು ಅತ್ತೆ. ಆಮೇಲೆ, "ನಾನು ಮಗು ನೋಡ್ಕೋತೀನಿ. ಇಲ್ಲಾ, ಎತ್ಕೊಂಡೇ ಹೋಗು. ನೋಡ್ಲಿ ಅವರೂ" ಎಂದರು.

ಆದರೆ ನಾನೇ ಸಹಿ ಹಾಕಿಕೊಟ್ಟಿದ್ದೇನಲ್ಲ.

ಆಗಸ್ಟ್ 3

ಕೊನೆಯ ಕಟ್ಟನ್ನು ನಾನೇ ಪ್ರೆಸ್ಸಿಗೆ ಒಯ್ದೆ. ವ್ಯವಸ್ಥಾಪಕರು ಸಂತೋಷಪಟ್ಟರು. ನಿಮ್ಮ ಕಣ್ಣು ಕಣ್ಣೇ ಬಿಡಿ ಎಂದರು. ಹಾಗಾದರೆ ನನ್ನ ಜಾಗಕ್ಕೆ ಯಾವಾಗ ಬರಲಿ ಎಂದು ಕೇಳಿದೆ. ಕೇಳಬೇಕೆಂದು ಹೋಗಿರಲಿಲ್ಲ, ಬಾಯಿಂದ ಬಂತು.

ಅವರು ನಕ್ಕರು. "ಅಲ್ಲಮ್ಮ, ಮಗು ಇಟ್ಕೊಂಡು ಹೆಂಗ್ ಗಮನ ಕೊಡ್ತೀರಿ ನೀವು? ನಿಮ್ಮ ಒಳ್ಳೇದಕ್ಕೇ ಮಾಡಿದ್ದು. ನೀವೇ ಒಪ್ಪಿದ್ದೀರಿ."

"ಆ ಪತ್ರದ್ದೊಂದು ಪ್ರತಿ ಕೊಡಿ ಸಾರ್."

ಏನೂ ಯೋಚಿಸದೆ ಕೊಟ್ಟರು. ನಕಲು ಯಂತ್ರದ ಬಳಿ ತಾವೇ ನಿಂತು ತೆಗೆದುಕೊಟ್ಟರು. "ತಗೊಳ್ಳಿ, ನಿಮ್ದೇ ಕೈ" ಎಂದರು. ಒಳ್ಳೆಯವರೇ ಎನ್ನಿಸಲಿಲ್ಲ ಈ ಸಲ.

ಗೇಟಿನ ಹೊರಗೆ ಬೆಂಚಿನ ಮೇಲೆ ಕೂತು ಓದಿದೆ. ಮೊದಲ ಸಲ ಓದಿದೆ ಎನ್ನಬೇಕು. ಕೆಳಗೆ ಚುಕ್ಕಿ ಚುಕ್ಕಿಯ ಗೆರೆ, ಅದರ ಕೆಳಗೆ 'ನೌಕರಳ ಸಹಿ' ಎಂದಿದೆ. ಚುಕ್ಕಿಗಳ ಮೇಲೆ ಏನೂ ಇಲ್ಲ. ಖಾಲಿ. ಹಾಳೆಯ ಮೂಲೆಯಲ್ಲಿ ಬಾಲದ ಸೊನ್ನೆ, ಕೆಳಗೆ 4-5.

ನಾನು ಸಹಿ ಹಾಕೇ ಇಲ್ಲ. ಹಾಕುವುದು ಹೇಗೆ? ಪ್ರೂಫಿಗೆ ಯಾರು ಸಹಿ ಹಾಕುತ್ತಾರೆ? ಪ್ರೂಫೆಂದುಕೊಂಡು ಓದಿದ್ದೆ. ಗುರುತು ಹಾಕಿದ್ದೆ.

ಗುರುತು ಎಂದರೇನು ಎಂಬುದು ಓದುಮೇಜಿನ ಮೇಲಿನ ಗೋಡೆಯಲ್ಲೇ ಇದೆ. ಮರದ ಹಲಗೆ, ಬಿಳಿ ಅಕ್ಷರ: ಗುರುತೆಂದರೆ ಓದಿದ್ದೇನೆ ಎಂದಷ್ಟೇ, ಒಪ್ಪಿದ್ದೇನೆ ಎಂದಲ್ಲ. ಈಗಿನ ವ್ಯವಸ್ಥಾಪಕರ ತಂದೆ ತೂಗುಹಾಕಿಸಿದ್ದು. ಹಿಂದೊಮ್ಮೆ ಯಾರೋ ಲೇಖಕರು, ನಿಮ್ಮ ಓದುಮೇಜಿನವರು ಗುರುತು ಹಾಕಿ ಒಪ್ಪಿದ ಮೇಲೆ ನನ್ನ ವಾದ ತಪ್ಪಾಗುವುದು ಹೇಗೆ ಎಂದು ಜಗಳ ತೆಗೆದಿದ್ದರಂತೆ. ಏಳು ವರ್ಷ ಆ ಹಲಗೆಯ ಕೆಳಗೇ ಕೂತಿದ್ದೆ. ಅದರಲ್ಲಿ ತಪ್ಪಿಲ್ಲದ್ದರಿಂದ ಮತ್ತೆ ತಲೆಯೆತ್ತಿ ನೋಡಿರಲಿಲ್ಲ.

ಬಿಸಿಲು ಬೆಂಚಿನಿಂದ ಮೊಣಕಾಲಿಗೆ ಹತ್ತಿತು. ಒಳಗಿನಿಂದ ಗಂಟೆಯಕ್ಕನ ದನಿ ಕೇಳುತ್ತಿತ್ತು, ಯಾವುದೋ ಬಂದರಿನ ನಿಯಮ ಓದುತ್ತಿದ್ದರು. ಹಡಗು ಕಾಮಾ ದೋಣಿ ಕಾಮಾ ತೆಪ್ಪ. ಹೂಂ ಎನ್ನುವವರ ದನಿ ಕೇಳಲಿಲ್ಲ. ಬಹುಶಃ ಮೇಷ್ಟ್ರ ಊಟವಾಗಿತ್ತು.

ಆಗಸ್ಟ್ 5

ಎಂಬತ್ತಾರು ಗುಂಡಿ.

ಗಂಟೆಯಕ್ಕ ಬಂದರು. ಪತ್ರ ತೋರಿಸಿದೆ. ಕನ್ನಡಕ ಹಣೆಗೇರಿಸಿ, ಮೂಲೆಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು.

ಗುರುತಿನ ಅರ್ಥ ಇದು ಎಂದು ಪ್ರೆಸ್ಸಿನವರೊಬ್ಬರು ಬರೆದುಕೊಟ್ಟರೆ ಒಳ್ಳೆಯದು ಎಂದೆ. ಆಮೇಲೆ ನಾಚಿಕೆಯಾಯಿತು. ಅವರ ನಿವೃತ್ತಿಗೆ ಇನ್ನು ಒಂದೂವರೆ ವರ್ಷ. ಬೇಡ ಬಿಡಿ ಅಕ್ಕ, ಹಲಗೆಯ ಮಾತನ್ನೇ ಹೇಳುತ್ತೇನೆ ಎಂದೆ.

"ಹಲಗೆ ಇಳಿಸಿದ್ರು ತಂಗಿ" ಎಂದರು. "ನಿನ್ನೆ. ಸುಣ್ಣ ಹೊಡಿಸ್ಬೇಕಂತೆ."

ಅಲ್ಪವಿರಾಮ ಅವರ ಕನ್ನಡಕಕ್ಕೆ ಕೈ ಹಾಕಿದಳು. ಅವರು ಬಿಡಿಸಿಕೊಳ್ಳಲಿಲ್ಲ.

"ಕಾನೂನು ಅಚ್ಚು ಮಾಡೋರಿಗೆ ಕಾನೂನು ಗೊತ್ತಿರಲ್ವಾ ಅಕ್ಕ?"

"ನಮ್ಮ ಬೀದಿ ಛತ್ರಿ ಅಂಗಡಿಯೋನು ದಿನಾ ನೆನ್ಕೊಂಡೇ ಮನೆಗೆ ಹೋಗ್ತಾನೆ" ಎಂದರು. ಆಮೇಲೆ ನನ್ನ ಕೆಂಪು ಪೆನ್ನು ಕೇಳಿದರು. ಬೇಡ, ನೀಲಿ ಕೊಡು ಎಂದರು. ಬರೆದರು. ಮೂವತ್ತೊಂದು ವರ್ಷ ಗಟ್ಟಿಯಾಗಿ ಓದಿದವರ ಕೈಬರಹ ಅಷ್ಟು ಸಣ್ಣದೆಂದು ಗೊತ್ತಿರಲಿಲ್ಲ. ಆರು ಸಾಲು. ಕೊನೆಗೆ ಅಭ್ಯಾಸಬಲದಿಂದ ಎರಡು ಗೀಟು ಎಳೆಯಲು ಹೋಗಿ, ತಡೆದು, ಹೆಸರು ಬರೆದರು. ಏಳು ವರ್ಷದಲ್ಲಿ ಅವರ ಪೂರ್ತಿ ಹೆಸರು ನಾನು ಓದಿದ್ದು ಇವತ್ತೇ.

ಆಗಸ್ಟ್ 7

ನಾಳೆ ನಾಡಿದ್ದು ದೂರು ಕೊಡುವ ಕಚೇರಿಗೆ ರಜೆ ಎಂದು ಇವರೇ ವಿಚಾರಿಸಿಕೊಂಡು ಬಂದಿದ್ದರು. ಅಂದರೆ ಇವತ್ತೇ. ಆ ಕಟ್ಟಡದ ಲಿಫ್ಟ್ ಇವರ ಸುಪರ್ದಿನದಂತೆ. "ಎರಡನೇ ಮಹಡೀಲಿ ನಿಂತು ಸ್ವಲ್ಪ ಯೋಚನೆ ಮಾಡುತ್ತೆ. ಹೆದರ್ಬೇಡ ಕಣೇ, ಮೇಲಕ್ಕೇ ಹೋಗುತ್ತೆ" ಎಂದರು ಬಾಗಿಲಲ್ಲಿ. ಅತ್ತೆ ಮಗುವನ್ನು ಸುತ್ತಿಕೊಟ್ಟರು. ಖಾಕಿ ಗುಂಡಿಯ ಹೊಸ ಅಂಗಿ.

ನಿಜವಾಗಿಯೂ ಎರಡನೇ ಮಹಡಿಯಲ್ಲಿ ನಿಂತಿತು. ಬಾಗಿಲು ತೆರೆಯಲಿಲ್ಲ, ಮೇಲೂ ಹೋಗಲಿಲ್ಲ. ಆ ಮಂದ ಬೆಳಕಿನಲ್ಲಿ ನಾನು, ಅಲ್ಪವಿರಾಮ, ಇನ್ನೊಬ್ಬಳು. ಅವಳ ಹೆಗಲ ಮೇಲೆ ಚೀಲವಿತ್ತೋ ಇಲ್ಲವೋ, ತಿರುಗಿ ನೋಡಲಿಲ್ಲ. ಎಂಬತ್ತೆಂಟು ಎಂದೆ ಮೆಲ್ಲಗೆ. ಲಿಫ್ಟ್ ಒಂದು ಸಲ ನಡುಗಿ ಮೇಲೇರಿತು.

ದೂರು ಬರೆದುಕೊಳ್ಳುವ ಗುಮಾಸ್ತೆ ನನಗಿಂತ ಹತ್ತು ವರ್ಷ ದೊಡ್ಡವಳಿರಬೇಕು. ಮೇಜಿನ ಮೇಲೆ ಗುಂಡಗಿನ ಗಾಜಿನ ಪೇಪರ್‌ವೇಟು, ಮಗು ಅದನ್ನೇ ನೋಡುತ್ತಿತ್ತು. ಪತ್ರವನ್ನು ಓದಿ, ನೀವೇ ಒಪ್ಪಿದ ಹಾಗಿದೆಯಲ್ಲಮ್ಮ ಎಂದಳು. ಮೂಲೆಯ ಮೇಲೆ ಬೆರಳಿಟ್ಟು, "ಇದು ನಿಮ್ಮ ಸಹಿ ಅಲ್ವಾ?"

"ಅಲ್ಲ. ಅದು ನಾನು ಓದಿದ ಗುರುತು."

ನನ್ನ ದನಿ ಕೌಂಟರಿನಾಚೆಗೂ ಕೇಳಿತೆಂದು ಕಾಣುತ್ತದೆ. ಪಕ್ಕದ ಮೇಜಿನವರು ತಲೆಯೆತ್ತಿದರು. ಗಂಟೆಯಕ್ಕನ ಚೀಟಿ ಕೊಟ್ಟೆ. ಖಾಲಿ ಚುಕ್ಕಿಗಳನ್ನು ತೋರಿಸಿದೆ. ಕಲಂ ಹನ್ನೆರಡು ಎಂದೆ. ಪುಸ್ತಕ ತೆರೆಯಲು ಅವಳು ಕೈ ಚಾಚಿದಳು, ಅಷ್ಟರಲ್ಲಿ ನನ್ನ ಬಾಯಲ್ಲಿ ಅದು ಬಂದೇ ಬಿಟ್ಟಿತ್ತು, ಕಾಮಾಗಳ ಸಮೇತ. ಸ್ಟಾಪು ಎನ್ನುವಾಗ ಗುಮಾಸ್ತೆ ತುಟಿ ಬಿಗಿಹಿಡಿದಳು. ನಗು ತಡೆಯುತ್ತಿದ್ದಳು. ತೋಳಲ್ಲಿ ಅಲ್ಪವಿರಾಮ ನಿದ್ದೆ ಹೋಗಿದ್ದಳು.

"ಬೇಗ ತೀರ್ಮಾನ ಆಗಲ್ಲಮ್ಮ. ತಿಂಗಳುಗಟ್ಟಲೆ ಹಿಡಿಯುತ್ತೆ. ಜಾಗ ಸಿಕ್ಕೇ ಸಿಗುತ್ತೆ ಅಂತ್ಲೂ ನಾನು ಹೇಳಲ್ಲ" ಎಂದಳು.

"ಬರ್ಕೊಳ್ಳಿ" ಎಂದೆ.

ಬರೆದುಕೊಂಡಳು. ಅಚ್ಚು ತೆಗೆದು ನನ್ನ ಮುಂದಿಟ್ಟಳು. ಓದಿ ನೋಡಿ, ಸರಿಯಿದ್ದರೆ ಕೆಳಗೆ ಸಹಿ ಮಾಡಿ ಎಂದಳು.

ಎರಡು ಸಲ ಓದಿದೆ. ಮೊದಲ ಸಲ ತಪ್ಪಿಗಾಗಿ. ಮೂರನೆಯ ಸಾಲಿನಲ್ಲಿ ಒಂದು ಅಕ್ಷರ ಬಿಟ್ಟುಹೋಗಿತ್ತು, ಹೇಳಿದೆ, ಸರಿಮಾಡಿ ಹೊಸ ಹಾಳೆ ಕೊಟ್ಟಳು. ಎರಡನೆಯ ಸಲ ನಿಧಾನವಾಗಿ, ಬೇರೆ ಯಾರದೋ ಕಥೆ ಓದುವ ಹಾಗೆ. ಓದುಮೇಜಿನ ಒಬ್ಬ ಹೆಂಗಸು, ಅವಳ ಮಗು, ಅವಳ ಕುರ್ಚಿ. ಹೌದು, ಇದು ಹೀಗೇ ನಡೆದದ್ದು. ಹೌದು, ಇದನ್ನು ನಾನು ಒಪ್ಪುತ್ತೇನೆ.

ಕೈ ಮೂಲೆಯ ಕಡೆಗೆ ಹೋಯಿತು. ತಿರುಗಿಸಿಕೊಂಡು ಬಂದೆ. ಚುಕ್ಕಿಗಳ ಮೇಲೆ, ಒಂದು ಚುಕ್ಕಿಯೂ ಕಾಣದ ಹಾಗೆ, ನನ್ನ ಪೂರ್ತಿ ಹೆಸರು ಬರೆದೆ.

ಆಗಸ್ಟ್ 8

ಬೆಳಗಾಗುವವರೆಗೂ ಮಲಗಿಬಿಟ್ಟಿದ್ದೆವು, ತಾಯಿ ಮಗು ಇಬ್ಬರೂ.